ಕೊರಿಯಾದ ‘ಅಪ್ಪ’, ತುಳುನಾಡಿನ ‘ಅಪ್ಪೆ’: ದೂರದ ಭಾಷೆಯಲ್ಲಿ ನಮ್ಮ ಪದ ಕಂಡರೆ ಮೂಲ ಹುಡುಕುವ ಬಗೆ

ಕೊರಿಯಾದ ಮಗು ತಂದೆಯನ್ನು ‘ಅಪ್ಪಾ’ ಅಂತ ಕರೆಯುತ್ತದೆ. ತಾಯಿಗೆ ‘ಒಮ್ಮಾ’ ಅನ್ನುತ್ತದೆ. ನಮ್ಮ ಮನೆಯಲ್ಲಿ ಒಂದು ಸಂಜೆ ಕೊರಿಯನ್ ಧಾರಾವಾಹಿ ಓಡುತ್ತಿತ್ತು. ಒಳಗೆ ಸೊಪ್ಪು ಬಿಡಿಸುತ್ತಿದ್ದ ಅಮ್ಮ ಆ ಕೂಗು ಕೇಳಿ ಎದ್ದು ಬಂದರು. ಸ್ವಲ್ಪ ಹೊತ್ತು ನಿಂತು ನೋಡಿದರು. “ಇವರು ಯಾಕೆ ನಮ್ಮ ಹಾಗೇ ಕರೀತಾರೆ?” ಎಂದು ಕೇಳಿದರು.

ತುಂಬ ಒಳ್ಳೆಯ ಪ್ರಶ್ನೆ. ಇದಕ್ಕೆ ವಾಟ್ಸಾಪ್‌ನಲ್ಲಿ ಸಿದ್ಧ ಉತ್ತರಗಳು ಓಡಾಡುತ್ತಿರುತ್ತವೆ. ಕೊರಿಯಾದವರು ಇಲ್ಲಿಂದಲೇ ಹೋದವರು, ಕನ್ನಡವೇ ಎಲ್ಲಕ್ಕೂ ತಾಯಿ, ತಮಿಳೇ ಎಲ್ಲಕ್ಕೂ ಮೂಲ, ಹೀಗೆ. ನಿಜವಾದ ಉತ್ತರ ಇವೆಲ್ಲಕ್ಕಿಂತ ಚೆನ್ನಾಗಿದೆ. ಅದನ್ನು ನೀವೇ ಹುಡುಕಿಕೊಳ್ಳಬಹುದು. ಭಾಷಾವಿಜ್ಞಾನ ಓದಿರಬೇಕು ಅಂತೇನಿಲ್ಲ. ಒಂದು ನೋಟ್‌ಬುಕ್, ಒಂದೆರಡು ನಿಘಂಟು, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಒಂದೇ ಥರದ ಪದ ಎರಡು ಭಾಷೆಯಲ್ಲಿ ಕಂಡರೆ ಕಾರಣ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ಎರಡೂ ಭಾಷೆಗೆ ಆ ಪದ ಒಂದೇ ಹಳೆಯ ಭಾಷೆಯಿಂದ ಬಂದಿರಬಹುದು. ಒಬ್ಬರ ಪದವನ್ನು ಇನ್ನೊಬ್ಬರು ಪಡೆದುಕೊಂಡಿರಬಹುದು. ಸುಮ್ನೆ ಕಾಕತಾಳೀಯ ಇರಬಹುದು. ಇಲ್ಲವೇ ಮನುಷ್ಯರ ಬಾಯಿ, ಬದುಕು ಎಲ್ಲ ಕಡೆ ಒಂದೇ ಆಗಿರುವುದರಿಂದ ಅದು ಬೇರೆ ಬೇರೆ ಕಡೆ ತಾನಾಗಿಯೇ ಹುಟ್ಟಿರಬಹುದು. ಈ ನಾಲ್ಕರಲ್ಲಿ ಯಾವುದು ಅಂತ ತಿಳಿಯುವುದಕ್ಕೇ ಕೆಳಗಿನ ಹೆಜ್ಜೆಗಳು.

ಹೆಜ್ಜೆ 1: ಕೇಳಿದ್ದನ್ನು ಸರಿಯಾಗಿ ಬರೆದುಕೊಳ್ಳಿ

ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ. ಪದ, ಅದರ ಉಚ್ಚಾರ, ಅದರ ಅರ್ಥ, ಅದನ್ನು ಯಾರು ಯಾವಾಗ ಬಳಸುತ್ತಾರೆ.

ಇದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ಅರ್ಧದಷ್ಟು ಗೊಂದಲ ಇಲ್ಲೇ ಕಳೆಯುತ್ತದೆ. ಕೊರಿಯನ್ ಧಾರಾವಾಹಿಗಳಲ್ಲಿ ‘ಒಪ್ಪಾ’ ಅಂತಲೂ ಕೇಳಿಸುತ್ತದೆ. ಬೇಗ ಮಾತಾಡಿದಾಗ ನಮಗೆ ಅದೂ ‘ಅಪ್ಪಾ’ ಅಂತಲೇ ಕೇಳುತ್ತದೆ. ಆದರೆ ‘ಒಪ್ಪಾ’ ಎಂದರೆ ಹೆಣ್ಣುಮಗಳು ತನ್ನ ಅಣ್ಣನನ್ನು ಕರೆಯುವ ಪದ. ತಂದೆಗೆ ಸಂಬಂಧವೇ ಇಲ್ಲ. ಜಾರ್ಜಿಯಾ ದೇಶದ ಭಾಷೆಯಲ್ಲಿ ‘ಮಾಮಾ’ ಎಂಬ ಪದ ಇದೆ ಅಂತ ಕೇಳಿದ ಕೂಡಲೇ ನಾವು “ಆಹಾ, ಅಲ್ಲೂ ಅಮ್ಮನಿಗೆ ಅದೇ ಪದ” ಅಂದುಬಿಡುತ್ತೇವೆ. ಅಲ್ಲಿ ‘ಮಾಮಾ’ ಎಂದರೆ ತಂದೆ. ತಾಯಿಗೆ ‘ದೆದಾ’ ಅನ್ನುತ್ತಾರೆ.

ನಾಲ್ಕನೇ ಕಾಲಂ ಮರೆಯಬೇಡಿ. ಕೊರಿಯಾದಲ್ಲಿ ‘ಅಪ್ಪಾ’, ‘ಒಮ್ಮಾ’ ಮಕ್ಕಳ ಸಲುಗೆಯ ಮಾತು. ಗೌರವದಿಂದ ಹೇಳುವಾಗ ‘ಅಬೊಜಿ’, ‘ಒಮೊನಿ’ ಅನ್ನುತ್ತಾರೆ. ಈ ಸಲುಗೆ ಎಂಬ ಸಂಗತಿ ಮುಂದೆ ದೊಡ್ಡ ಸುಳಿವಾಗುತ್ತದೆ.

ಹೆಜ್ಜೆ 2: ಹಳೆಯ ರೂಪ ಹುಡುಕಿ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಇಂದಿನ ಪದವನ್ನು ಇಂದಿನ ಪದದ ಪಕ್ಕ ಇಟ್ಟು ತೀರ್ಮಾನ ಮಾಡಬೇಡಿ. ಪ್ರತಿಯೊಂದು ಪದವನ್ನೂ ಅದರದೇ ಭಾಷೆಯಲ್ಲಿ ಹಿಂದಕ್ಕೆ ಕರೆದುಕೊಂಡು ಹೋಗಿ. ಹಿಂದೆ ಹೋದ ಹಾಗೆ ಎರಡೂ ಹತ್ತಿರ ಬಂದರೆ ಸಂಬಂಧ ಇರಬಹುದು. ದೂರ ಹೋದರೆ ಇಲ್ಲ.

ಇದಕ್ಕೆ ನನಗೆ ಅತಿ ಇಷ್ಟವಾದ ಉದಾಹರಣೆ ‘ನೀರು’. ಇಂದಿನ ಗ್ರೀಕ್ ಭಾಷೆಯಲ್ಲಿ ನೀರಿಗೆ ‘ನೆರೊ’ ಅನ್ನುತ್ತಾರೆ. ಅಥೆನ್ಸ್‌ನ ಹೋಟೆಲಿನಲ್ಲಿ ಕೂತು “ನೀರು” ಅಂದರೆ ಬಹುಶಃ ನೀರೇ ಬರುತ್ತದೆ! ಹಾಗಾದರೆ ಸಂಬಂಧ ಇದೆಯೇ? ಹಿಂದಕ್ಕೆ ಹೋಗಿ ನೋಡಿ. ಹಳೆಯ ಗ್ರೀಕರು ನೀರಿಗೆ ‘ನೆರೊ’ ಅನ್ನುತ್ತಿರಲಿಲ್ಲ. ಅವರ ಪದ ‘ಹ್ಯುದೋರ್’. ನಾವು ಶಾಲೆಯಲ್ಲಿ ಓದುವ ಹೈಡ್ರೋಜನ್‌ನಲ್ಲಿ ಇರುವುದು ಅದೇ ಪದ. ತಾಜಾ ನೀರಿಗೆ ಅವರು ‘ನೆಅರೊನ್ ಹ್ಯುದೋರ್’ ಅಂದರು. ‘ನೆಅರೊನ್’ ಎಂದರೆ ಹೊಸದು, ತಾಜಾ. ಬಳಸುತ್ತಾ ಬಳಸುತ್ತಾ ‘ಹ್ಯುದೋರ್’ ಬಿದ್ದುಹೋಯಿತು, ತಾಜಾ ಎಂಬ ಭಾಗವೇ ಸವೆದು ‘ನೆರೊ’ ಆಗಿ ಉಳಿಯಿತು. ನಾವು ಹೋಟೆಲಿನಲ್ಲಿ “ಎರಡು ಮಸಾಲೆ” ಅನ್ನುತ್ತೇವೆ, ದೋಸೆ ಅನ್ನುವುದೇ ಇಲ್ಲ, ಅಲ್ವಾ? ಹಾಗೆಯೇ.

ನಮ್ಮ ‘ನೀರು’ ಹಿಂದೆ ಹೋದರೂ ನೀರೇ. ತಮಿಳಿನಲ್ಲಿ ‘ನೀರ್’, ತೆಲುಗಿನಲ್ಲಿ ‘ನೀರು’, ತುಳುವಿನಲ್ಲಿ ‘ನೀರ್’. ಸಂಸ್ಕೃತದ ‘ನೀರ’ ಕೂಡ ದ್ರಾವಿಡ ಭಾಷೆಗಳಿಂದ ಹೋದದ್ದು ಎಂದು ವಿದ್ವಾಂಸರು ಹೇಳುತ್ತಾರೆ. ಎರಡು ಬೇರೆ ಊರಿನಿಂದ ಹೊರಟ ಎರಡು ದಾರಿಗಳು ಒಂದೇ ಸರ್ಕಲ್‌ನಲ್ಲಿ ಬಂದು ಸೇರಿವೆ, ಅಷ್ಟೇ.

ಇನ್ನೊಂದು ಉದಾಹರಣೆ ಆಸ್ಟ್ರೇಲಿಯಾದ್ದು. 1960ರ ದಶಕದಲ್ಲಿ ಆರ್. ಎಂ. ಡಬ್ಲ್ಯು. ಡಿಕ್ಸನ್ ಎಂಬ ಭಾಷಾವಿಜ್ಞಾನಿ ಉತ್ತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಎಂಬಾಬರಾಮ್ ಎಂಬ ಮೂಲನಿವಾಸಿ ಭಾಷೆಯನ್ನು ದಾಖಲಿಸುತ್ತಿದ್ದರು. ಆ ಭಾಷೆ ಬಲ್ಲವರಲ್ಲಿ ಉಳಿದಿದ್ದ ಕೊನೆಯವರಲ್ಲಿ ಒಬ್ಬರು ಆಲ್ಬರ್ಟ್ ಬೆನೆಟ್. ನಾಯಿಗೆ ನಿಮ್ಮಲ್ಲಿ ಏನಂತೀರಿ ಎಂದು ಕೇಳಿದರೆ ಬೆನೆಟ್ ಹೇಳಿದ ಪದ ‘ಡಾಗ್’. ಇಂಗ್ಲಿಷಿನದೇ ಉಚ್ಚಾರ, ಇಂಗ್ಲಿಷಿನದೇ ಅರ್ಥ. ಇಂಗ್ಲಿಷ್ ಪದ ಇಲ್ಲಿಗೆ ನುಸುಳಿದೆ ಅಂತಲೇ ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಕ್ಕಪಕ್ಕದ ಭಾಷೆಗಳನ್ನು ನೋಡಿದರೆ ಕತೆ ಬೇರೆ. ನೆರೆಯ ಯಿದಿಞ್ ಭಾಷೆಯಲ್ಲಿ ನಾಯಿಗೆ ‘ಗುಡಗ’ ಅನ್ನುತ್ತಾರೆ. ಎಂಬಾಬರಾಮ್‌ನಲ್ಲಿ ಪದದ ಮೊದಲಿನ ಭಾಗ ಬಿದ್ದುಹೋಗುವುದು ವಾಡಿಕೆ. ‘ಗುಡಗ’ದಲ್ಲಿ ಮೊದಲ ಅಕ್ಷರ ಹೋಯಿತು, ಕೊನೆಯ ಸ್ವರ ಹೋಯಿತು, ನಡುವಿನ ‘ಅ’ ತಿರುಗಿ ‘ಒ’ ಆಯಿತು. ಉಳಿದದ್ದು ‘ಡೊಗ್’, ಕೇಳುವುದಕ್ಕೆ ಇಂಗ್ಲಿಷಿನ ‘ಡಾಗ್’ ಹಾಗೆಯೇ. ಇತ್ತ ಇಂಗ್ಲಿಷಿನ ಪದದ ಹಳೆಯ ರೂಪ ‘ಡೊಗ್ಗ’. ಎರಡಕ್ಕೂ ಎಳ್ಳಷ್ಟೂ ಸಂಬಂಧ ಇಲ್ಲ.

ಇದೇ ಥರ ಪರ್ಶಿಯನ್‌ನ ‘ಬದ್’ ಮತ್ತು ಇಂಗ್ಲಿಷಿನ ‘ಬ್ಯಾಡ್’. ಎರಡಕ್ಕೂ ಕೆಟ್ಟದ್ದು ಅಂತಲೇ ಅರ್ಥ. ಪರ್ಶಿಯನ್ ‘ಬದ್’ ನಮಗೂ ಗೊತ್ತಿರುವ ಪದ, ‘ಬದ್ಮಾಶ್’ನಲ್ಲಿ ಇರುವುದು ಅದೇ. ಆದರೆ ಪರ್ಶಿಯನ್ ಪದದ ಹಿಂದಿನ ರೂಪ ‘ವದ್’. ಮೊದಲ ಅಕ್ಷರವೇ ಬೇರೆ.

ಹಳೆಯ ರೂಪ ಎಲ್ಲಿ ನೋಡುವುದು? ಕನ್ನಡಕ್ಕೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಇಂದಿಗೂ ಒಳ್ಳೆಯ ಶುರು. ದ್ರಾವಿಡ ಭಾಷೆಗಳ ಪದಗಳನ್ನು ಒಟ್ಟಿಗೆ ನೋಡಬೇಕಾದರೆ ಬರೋ ಮತ್ತು ಎಮೆನೋ ಸೇರಿ ಮಾಡಿದ ದ್ರಾವಿಡ ಪದಮೂಲ ನಿಘಂಟು ಇದೆ. 1961ರಲ್ಲಿ ಬಂತು, 1984ರಲ್ಲಿ ಪರಿಷ್ಕರಣೆ ಆಯಿತು. ಶಿಕಾಗೊ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಎಲ್ಲರೂ ಹುಡುಕಿ ನೋಡಬಹುದು.

ಹೆಜ್ಜೆ 3: ಒಡಹುಟ್ಟಿದ ಭಾಷೆಗಳನ್ನು ಕೇಳಿ

ಒಂದು ಪದ ನಿಜವಾಗಿ ಹಳೆಯದಾಗಿದ್ದರೆ ಒಡಹುಟ್ಟಿದ ಭಾಷೆಗಳಲ್ಲೂ ಅದರ ಗುರುತು ಇರುತ್ತದೆ. ‘ನೀ’ ತೆಗೆದುಕೊಳ್ಳಿ. ಚೀನೀ ಭಾಷೆಯಲ್ಲಿಯೂ ನೀನು ಎನ್ನಲು ‘ನೀ’ ಅನ್ನುತ್ತಾರೆ. ಕೊರಿಯನ್ ಮಾತಿನಲ್ಲಿಯೂ ‘ನೀ’ ಕೇಳಿಸುತ್ತದೆ. ಇದನ್ನು ನೋಡಿ ಎಷ್ಟೋ ಜನ ಹಿಗ್ಗುತ್ತಾರೆ. ನಾನು ನಿಜಕ್ಕೂ ಹಿಗ್ಗಿದ್ದು ಬೇರೆ ಕಡೆ. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಬ್ರಾಹುಯಿ ಎಂಬ ಭಾಷೆ ಇದೆ. ಸುತ್ತಲೂ ಬಲೂಚಿ, ಪಶ್ತೊ ಭಾಷೆಗಳು. ನಡುವೆ ಇದೊಂದು ದ್ರಾವಿಡ ಭಾಷೆ. ಅಲ್ಲಿಯೂ ನೀನು ಎನ್ನಲು ‘ನೀ’. ಇದು ಕಾಕತಾಳೀಯ ಅಲ್ಲ. ತಮಿಳು, ಮಲಯಾಳ, ಕನ್ನಡ, ಬ್ರಾಹುಯಿ ಎಲ್ಲದರಲ್ಲೂ ಈ ಪದ ಇದೆ. ‘ನಿನ್ನ’ ಎನ್ನುವಾಗ ‘ನೀ’ ಗಿಡ್ಡವಾಗಿ ‘ನಿ’ ಆಗುವಂಥ ಸಣ್ಣ ವ್ಯಾಕರಣದ ಸಂಗತಿಗಳೂ ಒಡಹುಟ್ಟಿದ ಭಾಷೆಗಳಲ್ಲಿ ಹೊಂದುತ್ತವೆ. ಚೀನೀ ‘ನೀ’ಗೆ ಇಂಥ ಯಾವ ಬೆಂಬಲವೂ ಇಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನಿಜವಾದ ನಂಟು ನೋಡುವುದಕ್ಕೆ ಒಂದೇ ಥರ ಇರಬೇಕಾಗಿಲ್ಲ. ಎಷ್ಟೋ ಸಲ ಬೇರೆಯಾಗಿಯೇ ಇರುತ್ತದೆ. ಆದರೆ ಆ ಬೇರೆತನದಲ್ಲಿ ಒಂದು ಕ್ರಮ ಇರುತ್ತದೆ. ತಮಿಳಿನಲ್ಲಿ ‘ಪಾಲ್’, ನಮ್ಮಲ್ಲಿ ‘ಹಾಲು’. ಅಲ್ಲಿ ‘ಪುಲಿ’, ಇಲ್ಲಿ ‘ಹುಲಿ’. ಅಲ್ಲಿ ‘ಪೂ’, ಇಲ್ಲಿ ‘ಹೂ’. ಅಲ್ಲಿ ‘ಪಲ್’, ಇಲ್ಲಿ ‘ಹಲ್ಲು’. ಪಂಪನ ಕಾಲದ ಹಳಗನ್ನಡದಲ್ಲಿ ನಮ್ಮಲ್ಲೂ ‘ಪ’ ಇತ್ತು. ಆಮೇಲೆ ಅದು ‘ಹ’ ಆಯಿತು. ಒಂದು ಪದದಲ್ಲಿ ಅಲ್ಲ, ಸಾಲು ಸಾಲು ಪದಗಳಲ್ಲಿ. ಲ್ಯಾಟಿನ್‌ನ ‘ಪಾತೆರ್’ ಇಂಗ್ಲಿಷಿನಲ್ಲಿ ‘ಫಾದರ್’, ಮೀನಿಗೆ ಲ್ಯಾಟಿನ್‌ನ ‘ಪಿಸ್ಕಿಸ್’ ಇಂಗ್ಲಿಷಿನಲ್ಲಿ ‘ಫಿಶ್’. ಅಲ್ಲಿಯೂ ‘ಪ’ ಇದ್ದ ಕಡೆ ‘ಫ’. ಕೊರಿಯನ್ ಮತ್ತು ಕನ್ನಡದ ನಡುವೆ ಸಂಬಂಧ ಹೇಳಬೇಕಾದರೆ ಇಂಥ ಸಾಲು ಬೇಕು. ಬಿಡಿ ಬಿಡಿ ಪದಗಳ ಪಟ್ಟಿ ಎಷ್ಟೇ ಉದ್ದ ಇದ್ದರೂ ಸಾಲದು.

ಈ ಕೆಲಸವನ್ನು ತುಂಬ ಶ್ರದ್ಧೆಯಿಂದ ಮಾಡಿದವರೂ ಇದ್ದಾರೆ. 20ನೇ ಶತಮಾನದ ಆರಂಭದಲ್ಲಿ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಕೊರಿಯನ್ ಭಾಷೆಯನ್ನು ದ್ರಾವಿಡ ಭಾಷೆಗಳ ಜೊತೆ ಹೋಲಿಸಿದರು. ಜಪಾನಿನ ಸುಸುಮು ಓನೊ ವರ್ಷಗಟ್ಟಲೆ ಜಪಾನಿ ಮತ್ತು ತಮಿಳನ್ನು ಹೋಲಿಸಿದರು. ಇಬ್ಬರ ಶ್ರಮವೂ ದೊಡ್ಡದು. ಆದರೆ ಹೆಚ್ಚಿನ ಭಾಷಾವಿಜ್ಞಾನಿಗಳು ಆ ನಂಟುಗಳನ್ನು ಒಪ್ಪಿಲ್ಲ.

ಹೆಜ್ಜೆ 4: ಸಾಲ ಪಡೆದ ಪದವೇ, ನೋಡಿ

ಪದಗಳು ಸಾಮಾನಿನ ಜೊತೆ ಊರೂರು ಸುತ್ತುತ್ತವೆ. ‘ಚಾ’ ಎಂಬ ಒಂದಕ್ಷರದ ಪದ ಜಪಾನಿನಲ್ಲಿದೆ, ನಮ್ಮ ಕರಾವಳಿಯಲ್ಲಿದೆ. ‘ಚಾಯ್’ ಎಂಬ ರೂಪ ಪರ್ಶಿಯನ್, ರಷ್ಯನ್, ತುರ್ಕಿ, ಸ್ವಾಹಿಲಿ ಭಾಷೆಗಳಲ್ಲಿದೆ. ಇವುಗಳಲ್ಲಿ ಬಹುಪಾಲು ಒಂದಕ್ಕೊಂದು ನಂಟಿಲ್ಲದ ಭಾಷೆಗಳು. ಎಲ್ಲದರ ಮೂಲ ಚೀನಾ. ಚೀನಾದಲ್ಲೇ ಹೆಚ್ಚಿನ ಕಡೆ ‘ಚಾ’, ಫುಜಿಯನ್ ಕರಾವಳಿಯಲ್ಲಿ ‘ತೆ’. ಡಚ್ ವ್ಯಾಪಾರಿಗಳು ಹಡಗಿನಲ್ಲಿ ಯುರೋಪಿಗೆ ಒಯ್ದದ್ದು ಆ ‘ತೆ’. ಅದೇ ಇಂಗ್ಲಿಷಿನ ‘ಟೀ’. ಹೀಗಾಗಿ ನಾವು ಬೆಳಗ್ಗೆ ಚಹಾ ಕುಡಿದು ಆಫೀಸಿನಲ್ಲಿ ಟೀ ಕುಡಿಯುತ್ತೇವೆ. ಒಂದೇ ಪದ ಎರಡು ದಾರಿಯಿಂದ ನಮ್ಮ ಮನೆಗೆ ಬಂದಿದೆ.

ಸಾಲ ಹೌದೋ ಅಲ್ಲವೋ ಎಂದು ನೋಡಲು ಮೂರು ಪ್ರಶ್ನೆ ಹಾಕಿ. ಆ ವಸ್ತು ಹೊರಗಿನಿಂದ ಬಂದದ್ದೇ? ಎರಡು ಜನಗಳ ನಡುವೆ ವ್ಯಾಪಾರ, ಆಳ್ವಿಕೆ, ವಲಸೆ ಇತ್ತೇ? ಅದೇ ಕಾಲದಲ್ಲಿ ಇನ್ನೂ ಬೇರೆ ಪದಗಳು ಬಂದಿವೆಯೇ?

ಕುಟುಂಬದ ಪದಗಳನ್ನು ಯಾರೂ ಸಾಲ ತರುವುದಿಲ್ಲ ಎಂದು ಹೇಳುವವರಿದ್ದಾರೆ. ಹಾಗೇನಿಲ್ಲ. ಮಮ್ಮಿ, ಡ್ಯಾಡಿ ನಮ್ಮ ಕಣ್ಣೆದುರೇ ಬಂದವು. ಫಿನ್ಲೆಂಡಿನ ಭಾಷೆಯಲ್ಲಿ ತಾಯಿಗೆ ‘ಐತಿ’ ಅನ್ನುತ್ತಾರೆ. ಅದು ಎಷ್ಟೋ ಕಾಲದ ಹಿಂದೆ ಜರ್ಮನಿಕ್ ಭಾಷೆಯಿಂದ ತಂದದ್ದು. ಅವರದೇ ಹಳೆಯ ಪದ ‘ಎಮೊ’ ಈಗ ಮರಿ ಹಾಕಿದ ಪ್ರಾಣಿಗಳಿಗೆ ಉಳಿದಿದೆ. ಮಕ್ಕಳನ್ನು ನೋಡಿಕೊಳ್ಳುವ ‘ಆಯಾ’ ಕೂಡ ನಮ್ಮದಲ್ಲ. ಅದು ಪೋರ್ಚುಗೀಸರ ‘ಆಯಾ’. ಮರಾಠಿಯ ‘ಆಯಿ’ಗೂ ಅದಕ್ಕೂ ನಂಟಿಲ್ಲ, ಕೇಳುವುದಕ್ಕೆ ಮಾತ್ರ ಅಕ್ಕತಂಗಿಯರ ಹಾಗಿವೆ.

ಹೆಜ್ಜೆ 5: ಪೆನ್ನು ಹಿಡಿದು ಲೆಕ್ಕ ಹಾಕಿ

ಗಣಿತ ಅಂದರೆ ಹೆದರಬೇಡಿ, ಗುಣಾಕಾರ ಸಾಕು. ಒಂದು ಭಾಷೆಯಲ್ಲಿ 15 ವ್ಯಂಜನ, 5 ಸ್ವರ ಇವೆ ಅಂದುಕೊಳ್ಳಿ. ‘ನೀ’, ‘ಬಾ’, ‘ಹೂ’ ಥರದ ಒಂದಕ್ಷರದ ಪದಗಳು ಒಟ್ಟು 75 ಆಗಬಹುದು. ಅಂದರೆ ಒಂದು ಅರ್ಥಕ್ಕೆ ಎರಡು ಭಾಷೆಗಳು ಒಂದೇ ಪದ ಇಟ್ಟುಕೊಳ್ಳುವ ಸಾಧ್ಯತೆ 75ರಲ್ಲಿ 1. ಪ್ರಪಂಚದಲ್ಲಿ ಸುಮಾರು 7,000 ಭಾಷೆಗಳಿವೆ. ಎಲ್ಲದರಲ್ಲೂ ನೀನು ಎನ್ನಲು ಒಂದಕ್ಷರದ ಪದವೇ ಇದ್ದರೆ, ಏನೂ ಸಂಬಂಧ ಇಲ್ಲದೆ 93 ಭಾಷೆಗಳಲ್ಲಿ ಅದು ‘ನೀ’ ಆಗಿರಬೇಕು!

ಇದು ಅಂದಾಜಿನ ಲೆಕ್ಕ. ನಿಜದಲ್ಲಿ ಎಲ್ಲ ಅಕ್ಷರಗಳೂ ಸಮ ಅಲ್ಲ. ಮ, ನ, ಪ, ತ ಮತ್ತು ‘ಅ’ ಎಲ್ಲ ಕಡೆ ಜಾಸ್ತಿ. ಹಾಗಾಗಿ ಕಾಕತಾಳೀಯಗಳೂ ಜಾಸ್ತಿ.

ಈಗ ನಾವು ಮಾಡುವ ಸಡಿಲವನ್ನು ನೋಡಿ. ‘ಪ’ ಮತ್ತು ‘ಬ’ ಒಂದೇ ಅಂತೀವಿ. ‘ಅ’ ಮತ್ತು ‘ಒ’ ಒಂದೇ ಅಂತೀವಿ. ಹೀಗೆ 15 ವ್ಯಂಜನಗಳು 5 ಗುಂಪಾಗಿ, 5 ಸ್ವರಗಳು 3 ಗುಂಪಾಗಿ ಬಿಟ್ಟರೆ ಉಳಿಯುವುದು 15 ರೂಪ ಮಾತ್ರ. ನೂರು ಇಂಥ ಪದಗಳ ಪಟ್ಟಿ ಹಿಡಿದರೆ ಯಾವುದೇ ಎರಡು ಭಾಷೆಗಳ ನಡುವೆ ಆರೇಳು ಪದಗಳು ಸುಮ್ನೆ ಹೊಂದಿಬಿಡುತ್ತವೆ. ಅರ್ಥದಲ್ಲೂ ಸಡಿಲ ಬಿಟ್ಟರೆ, ತಂದೆಯ ಜಾಗದಲ್ಲಿ ಮಾವ, ಅಜ್ಜ ಎಲ್ಲ ನಡೆಯುತ್ತದೆ ಅಂದರೆ, ಕೇಳುವುದೇ ಬೇಡ.

ಅದೇ ಮೂರಕ್ಷರದ ಪದಕ್ಕೆ ಲೆಕ್ಕ ಹಾಕಿ. 75ನ್ನು ಮೂರು ಸಲ ಗುಣಿಸಿದರೆ 4,21,875. ಮೂರಕ್ಷರವೂ ಹೊಂದಿ, ಅರ್ಥವೂ ಹೊಂದಿದರೆ ಕಿವಿ ನಿಮಿರಬೇಕು. ಒಂದಕ್ಷರ ಹೊಂದಿದರೆ ಮುಂದಿನ ಪದ ನೋಡಿ. ಪದ ಚಿಕ್ಕದಾದಷ್ಟೂ ಅದರ ಸಾಕ್ಷಿಯ ಬೆಲೆ ಕಡಿಮೆ.

ಹೆಜ್ಜೆ 6: ಮಗುವಿನ ಬಾಯಿ ನೋಡಿ

ಈಗ ನನ್ನ ಅಮ್ಮನ ಪ್ರಶ್ನೆಗೆ ಬರೋಣ. ಅಪ್ಪ, ಅಮ್ಮ ಬರೀ ಕಾಕತಾಳೀಯ ಅನ್ನುವ ಹಾಗೂ ಇಲ್ಲ. ಏಕೆಂದರೆ ಇದು ತೀರಾ ಜಾಸ್ತಿ ಕಡೆ ಸಿಗುತ್ತದೆ. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ಭಾಷೆಗೆ ಪ್ರಪಂಚದಲ್ಲಿ ನೆಂಟರೇ ಇಲ್ಲ. ಅಲ್ಲೂ ತಾಯಿಗೆ ‘ಅಮ’. ಹೀಬ್ರೂ ಮಾತಾಡುವ ಮಕ್ಕಳು ತಂದೆಗೆ ‘ಅಬ್ಬಾ’, ತಾಯಿಗೆ ‘ಇಮ್ಮಾ’ ಅನ್ನುತ್ತಾರೆ. ಹಂಗೇರಿಯಲ್ಲಿ ತಂದೆಗೆ ‘ಅಪ’. ಆಫ್ರಿಕಾದ ಸ್ವಾಹಿಲಿಯಲ್ಲಿ ‘ಬಾಬಾ’, ‘ಮಾಮಾ’. ದಕ್ಷಿಣ ಅಮೆರಿಕದ ಕೆಚುವಾದಲ್ಲಿ ತಾಯಿಗೆ ‘ಮಾಮಾ’.

ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ ಪ್ರಪಂಚದ ಎಲ್ಲೆಡೆಯಿಂದ ತಂದೆ ತಾಯಿಯ ಪದಗಳನ್ನು ಕಲೆಹಾಕಿದರು. ಒಟ್ಟು 1,072. ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ ಅದನ್ನು ಇಟ್ಟುಕೊಂಡು ಬರೆದ ಲೇಖನ 1960ರಲ್ಲಿ ಅಚ್ಚಾಯಿತು. ತಾಯಿಯ ಪದಗಳಲ್ಲಿ ಶೇ. 55ರಲ್ಲಿ ಮ, ನ ಥರದ ಮೂಗಿನ ಧ್ವನಿ ಇತ್ತು. ತಂದೆಯ ಪದಗಳಲ್ಲಿ ಶೇ. 15ರಲ್ಲಿ ಮಾತ್ರ.

ಕಾರಣ ತೊಟ್ಟಿಲಲ್ಲೇ ಇದೆ. ಮಗು ಮೊದಲು ಆಡುವುದು ತುಟಿಯ ಧ್ವನಿಗಳು. ತುಟಿ ಮುಚ್ಚಿ ತೆರೆದರೆ ಸಾಕು, ನಾಲಿಗೆಗೆ ಕೆಲಸ ಇಲ್ಲ. ಬಾಯಿ ಪೂರ್ತಿ ಮುಚ್ಚುವುದು, ಆಮೇಲೆ ಪೂರ್ತಿ ತೆರೆಯುವುದು. ಮುಚ್ಚಿದಾಗ ಪ, ಬ, ಮ. ತೆರೆದಾಗ ಅ. ಇವೆರಡರ ನಡುವೆ ಇರುವಷ್ಟು ಅಂತರ ಬೇರೆ ಯಾವ ಧ್ವನಿಗಳ ನಡುವೆಯೂ ಇಲ್ಲ. ಹಾಲು ಕುಡಿಯುವಾಗ ಬಾಯಿ ಎದೆಗೆ ಅಂಟಿರುತ್ತದೆ. ಆಗ ಸದ್ದು ಬರುವುದಾದರೆ ಮೂಗಿನಿಂದಲೇ ಬರಬೇಕು. ಅದು ‘ಮ್ಮ್’. ಆಮೇಲೆ ಹಸಿವಾದಾಗ, ಹಾಲು ಕಂಡಾಗ, ಅಮ್ಮ ಕಂಡಾಗ ಮಗು ಅದೇ ಸದ್ದು ಮಾಡುತ್ತದೆ. ಇದು ಯಾಕಬ್ಸನ್ ಕೊಟ್ಟ ವಿವರಣೆ. ಬಾಣಂತಿ ಮನೆಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಮಗು ಆ ಸದ್ದಿಗೆ ಅರ್ಥ ಕೊಡುವುದಿಲ್ಲ. ಅರ್ಥ ಕೊಡುವವರು ಸುತ್ತ ಕೂತ ದೊಡ್ಡವರು. “ನೋಡು, ನನ್ನನ್ನೇ ಕರೀತಿದೆ!” ಎಂದು ಖುಷಿಪಡುವವರು ನಾವು. ಯಾವ ಸದ್ದು ಯಾರ ಪಾಲಿಗೆ ಎಂಬುದನ್ನು ಪ್ರತಿ ಸಮುದಾಯವೂ ತಾನೇ ಹಂಚಿಕೊಳ್ಳುತ್ತದೆ. ಅದಕ್ಕೇ ಜಾರ್ಜಿಯಾದಲ್ಲಿ ‘ಮಾಮಾ’ ತಂದೆಯಾದ. ಆಸ್ಟ್ರೇಲಿಯಾದ ಪಿಟ್ಜಂಟ್ಜಾರ ಭಾಷೆಯಲ್ಲೂ ‘ಮಾಮಾ’ ಎಂದರೆ ತಂದೆಯೇ. ನಮ್ಮಲ್ಲಿ ‘ಮಾಮ’ ತಾಯಿಯ ಅಣ್ಣ ಅಥವಾ ತಮ್ಮ. ತೆಲುಗಿನಲ್ಲಿ ತಂದೆಗೆ ‘ನಾನ್ನ’, ಪಕ್ಕಾ ಮೂಗಿನ ಪದ.

ಇದಕ್ಕೆಲ್ಲ ಜಾರ್ಜಿಯಾದವರೆಗೆ ಹೋಗಬೇಕಾಗಿಯೂ ಇಲ್ಲ. ಘಟ್ಟ ಇಳಿದರೆ ಸಾಕು. ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ! ಕನ್ನಡದ ಒಡಹುಟ್ಟು ಭಾಷೆ, ಅದೇ ಎರಡು ಸದ್ದು, ಹಂಚಿಕೆ ಮಾತ್ರ ತಲೆಕೆಳಗು. ಹವ್ಯಕರ ಮನೆಗಳಲ್ಲಿ ತಾಯಿ ‘ಅಬ್ಬೆ’, ಹೀಬ್ರೂವಿನಲ್ಲಿ ‘ಅಬ್ಬಾ’ ತಂದೆ. ಕೊರಿಯಾದ ‘ಅಪ್ಪಾ’ ನಮ್ಮ ಅಪ್ಪನಿಗೆ ಹೊಂದುತ್ತದೆ, ತುಳುವಿನ ‘ಅಪ್ಪೆ’ ಹೊಂದುವುದಿಲ್ಲ. ಹಾಗಂತ ಕನ್ನಡಕ್ಕೆ ತುಳುವಿಗಿಂತ ಕೊರಿಯನ್ ಹತ್ತಿರವೇ? ಈ ಒಂದು ಪ್ರಶ್ನೆ ಕೇಳಿಕೊಂಡರೆ ಇಂಥ ಪದಗಳಿಂದ ಭಾಷೆಗಳ ನಂಟು ಅಳೆಯಲು ಆಗುವುದಿಲ್ಲ ಎಂದು ತಾನಾಗಿ ತಿಳಿಯುತ್ತದೆ.

ಜಪಾನಿನದು ಇನ್ನೂ ಸೊಗಸು. ಅಲ್ಲಿ ತಾಯಿಗೆ ‘ಹಹ’, ತಂದೆಗೆ ‘ಚಿಚಿ’. ತುಟಿಯ ಧ್ವನಿಯೇ ಇಲ್ಲ, ನಮ್ಮ ಮಾತಿಗೆ ಇದು ಹೊಂದುವುದಿಲ್ಲ ಅನ್ನಿಸುತ್ತದೆ. ಎರಡನೇ ಹೆಜ್ಜೆ ನೆನಪಿಸಿಕೊಳ್ಳಿ, ಹಳೆಯ ರೂಪ ನೋಡಿ. 16ನೇ ಶತಮಾನದ ಒಂದು ಜಪಾನಿ ಒಗಟು ಇದೆ. ‘ಅಮ್ಮನಿಗೆ ಎರಡು ಸಲ ಸೇರುತ್ತವೆ, ಅಪ್ಪನಿಗೆ ಒಂದು ಸಲವೂ ಸೇರುವುದಿಲ್ಲ. ಏನದು?’ ಉತ್ತರ: ತುಟಿಗಳು. ಆಗ ‘ಹಹ’ ಪದವನ್ನು ‘ಫಫ’ ಎಂಬ ಹಾಗೆ, ತುಟಿ ಹತ್ತಿರ ತಂದು ಹೇಳುತ್ತಿದ್ದರು. ಅದಕ್ಕೂ ಹಿಂದೆ ಅದು ‘ಪಪ’. ‘ಪ’ ಹೋಗಿ ‘ಹ’ ಬಂತು, ನಮ್ಮ ‘ಪಾಲ್’ ಹೋಗಿ ‘ಹಾಲು’ ಬಂದ ಹಾಗೆಯೇ. ಎರಡು ಭಾಷೆಗಳು ಒಂದನ್ನೊಂದು ನೋಡದೆ ಒಂದೇ ದಾರಿ ಹಿಡಿದವು. ಇನ್ನೂ ಒಂದು ಸಂಗತಿ ಇದೆ. ಜಪಾನಿಯಲ್ಲಿ ಒತ್ತಿರುವ ‘ಪ್ಪ’ ಬದಲಾಗಲಿಲ್ಲ, ಜಪಾನಿಗರು ತಮ್ಮ ದೇಶಕ್ಕೆ ಹೇಳುವ ‘ನಿಪ್ಪೊನ್’ ಎಂಬ ಹೆಸರಿನಲ್ಲಿ ಇಂದಿಗೂ ಇದೆ. ನಮ್ಮಲ್ಲೂ ಒತ್ತು ಇದ್ದ ಕಡೆ ‘ಪ’ ಉಳಿಯಿತು. ಉಪ್ಪು ಉಳಿಯಿತು, ತಪ್ಪು ಉಳಿಯಿತು, ಅಪ್ಪ ಉಳಿದ.

ಬದುಕಿನ ಅಗತ್ಯದಿಂದಲೂ ಹೀಗೆ ಪದಗಳು ಹುಟ್ಟುತ್ತವೆ. ಯಾರೋ ಹೇಳಿದ್ದು ಕೇಳಿಸದಿದ್ದರೆ ನಾವು “ಹಾಂ?” ಅನ್ನುತ್ತೇವೆ. ನೆದರ್‌ಲ್ಯಾಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಮಾರ್ಕ್ ಡಿಂಗೆಮಾನ್ಸೆ ಮತ್ತು ಜೊತೆಗಾರರು ಐದು ಖಂಡಗಳ 10 ಭಾಷೆಗಳ ಮಾತುಕತೆ ನೋಡಿ 2013ರಲ್ಲಿ ಬರೆದರು. ಎಲ್ಲದರಲ್ಲೂ ಹೆಚ್ಚುಕಡಿಮೆ ಇದೇ ಪದ. ಆದರೆ ಪೂರ್ತಿ ಒಂದೇ ಅಲ್ಲ. ಐಸ್‌ಲ್ಯಾಂಡಿನಲ್ಲಿ ಅದರ ಕೊನೆ ಏರುವುದಿಲ್ಲ, ಇಳಿಯುತ್ತದೆ. ಅಲ್ಲಿನ ಪ್ರಶ್ನೆಗಳ ರಾಗವೇ ಹಾಗೆ. ಆದ್ದರಿಂದ ಇದು ಕೆಮ್ಮು, ಸೀನಿನಂಥ ಸದ್ದಲ್ಲ, ಆಯಾ ಭಾಷೆಯಲ್ಲಿ ಕಲಿತ ಪದ. ಮಾತು ನಿಲ್ಲದ ಹಾಗೆ ತಕ್ಷಣ, ಸುಲಭವಾಗಿ ಕೇಳಬೇಕಾದ ಒತ್ತಡ ಎಲ್ಲ ಕಡೆ ಒಂದೇ.

ಕಾಗೆ, ಕೋಳಿಯ ಕೂಗಿನ ಪದಗಳ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಕಾಗೆ ಎಲ್ಲ ದೇಶದಲ್ಲೂ ಕಾ ಅನ್ನುತ್ತದೆ.

ಹೆಜ್ಜೆ 7: ಒಂದು ಪದ ಹಿಡಿದು ಅಭ್ಯಾಸ ಮಾಡಿ

‘ಊರು’ ತೆಗೆದುಕೊಳ್ಳಿ. ಇರಾಕಿನಲ್ಲಿ ‘ಊರ್’ ಎಂಬ ಪ್ರಾಚೀನ ನಗರ ಇತ್ತು. ಬಾಸ್ಕ್ ಭಾಷೆಯ ಪಶ್ಚಿಮದ ಮಾತಿನಲ್ಲಿ ಊರಿಗೆ ‘ಉರಿ’ ಅನ್ನುತ್ತಾರೆ. ಮೂರೂ ಸೇರಿಸಿ ದೊಡ್ಡ ಕತೆ ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ.

ಹೆಜ್ಜೆ ಹೆಜ್ಜೆಯಾಗಿ ಹೋಗಿ. ಅರ್ಥ ನೋಡಿ: ಇರಾಕಿನ ‘ಊರ್’ ಒಂದು ನಗರದ ಹೆಸರು. ಹಳೆಯ ರೂಪ ನೋಡಿ: ಅಲ್ಲಿನ ಪ್ರಾಚೀನ ಜನರಾದ ಸುಮೇರಿಯನ್ನರು ಆ ನಗರವನ್ನು ‘ಉರಿಮ್’ ಅನ್ನುತ್ತಿದ್ದರು. ಬಾಸ್ಕ್‌ನಲ್ಲಿ ‘ಉರಿ’ಯ ಜೊತೆಗೆ ‘ಹಿರಿ’ ಎಂಬ ರೂಪವೂ ಇದೆ, ಹೆಚ್ಚು ಬಳಕೆಯದು ಅದೇ. ಒಡಹುಟ್ಟು ನೋಡಿ: ನಮ್ಮ ‘ಊರು’ ತಮಿಳು, ತೆಲುಗು, ಮಲಯಾಳ, ತುಳು ಎಲ್ಲ ಕಡೆ ಇದೆ. ಮೈಸೂರು, ನೆಲ್ಲೂರು, ತಂಜಾವೂರು ಎಲ್ಲವೂ ಸಾಕ್ಷಿ. ಲೆಕ್ಕ ನೋಡಿ: ಒಂದು ಸ್ವರ, ಒಂದು ‘ರ’. ಇಷ್ಟು ಚಿಕ್ಕ ಪದ ಹೊಂದುವುದು ಸುಲಭ. ಸಾಲು ನೋಡಿ: ಸುಮೇರಿಯನ್ ಮತ್ತು ಕನ್ನಡದ ನಡುವೆ ‘ಪಾಲ್–ಹಾಲು’ ಥರದ ಕ್ರಮ ಯಾರೂ ತೋರಿಸಿಲ್ಲ. ನೋಟ್‌ಬುಕ್‌ನಲ್ಲಿ ‘ದ್ರಾವಿಡದ ಒಳಗೆ ನಂಟು, ಹೊರಗೆ ಕಾಕತಾಳೀಯ’ ಎಂದು ಬರೆದುಕೊಂಡು ಮುಂದಿನ ಪದಕ್ಕೆ ಹೋಗಿ.

ಮುಂದಿನದಕ್ಕೆ ‘ತಾತ’ ಹಿಡಿಯಿರಿ ಅಂತ ನನ್ನ ಸಲಹೆ. ಪೋಲೆಂಡಿನಲ್ಲಿ ‘ತಾತಾ’ ಎಂದರೆ ತಂದೆ, ಸಂಸ್ಕೃತದಲ್ಲೂ ‘ತಾತ’ ತಂದೆಯೇ. ನಮ್ಮಲ್ಲಿ ಅಜ್ಜ. ಯಾವ ಹೆಜ್ಜೆಯಲ್ಲಿ ಉತ್ತರ ಸಿಗುತ್ತದೆ, ನೋಡಿ.

ಅದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿ. ನಿಮ್ಮ ಮನೆಯ ಹಿರಿಯರು ತಮ್ಮ ತಂದೆತಾಯಿಯನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿ ಬರೆದಿಡಿ. ಅವ್ವ, ಅಬ್ಬೆ, ಆಯಿ, ಅಪ್ಪೆ, ಅಮ್ಮೆ, ಏನೇ ಇರಲಿ. ಯಾವ ಊರು, ಯಾವ ಮನೆಮಾತು, ಯಾರು ಯಾರನ್ನು ಕರೆಯುತ್ತಿದ್ದರು, ಎಲ್ಲವೂ ಬೇಕು. ನಾನು ಅಮ್ಮನ ಹತ್ತಿರ ಕೂತು ಇದನ್ನೇ ಬರೆದುಕೊಂಡೆ. ತನ್ನ ಅಜ್ಜಿಯನ್ನು ಅವರು ‘ಅವ್ವ’ ಅನ್ನುತ್ತಿದ್ದರಂತೆ, ಅಜ್ಜಿಯ ತಾಯಿಗೆ ‘ದೊಡ್ಡವ್ವ’. ಈಗ ನಮ್ಮ ಮನೆಯಲ್ಲಿ ಆ ಎರಡೂ ಪದಗಳನ್ನು ಯಾರೂ ಬಳಸುವುದಿಲ್ಲ. ನೋಟ್‌ಬುಕ್‌ನ ಮೊದಲ ಪುಟದಲ್ಲಿವೆ.